ಎರೆಮಣ್ಣಿಗೆ ಟೈರ್ ಪುಡಿ: ಪ್ರಮಾಣ ಕೇಳುವ ಮೊದಲು

ಗೋದಾಮಿನ ನೆಲದಡಿಯ ಎರೆಮಣ್ಣು ಉಬ್ಬದಿರಲು ಹಳೆಯ ಟೈರಿನ ಪುಡಿಯನ್ನು ಶೇಕಡಾ ಎಷ್ಟು ಬೆರೆಸಬೇಕೆಂದು ಕೇಳಿದ್ದೀರಿ. ಬಸವನ ಬಾಗೇವಾಡಿಯ ಕಡೆ ಇಂಥದ್ದೇ ನೆಲ ಹಾಕಿಸುವಾಗ ನನಗೂ ಬೇಕಾಗಿದ್ದದ್ದು ಆ ಒಂದು ಅಂಕಿಯೇ. ಅದು ಸಿಕ್ಕಿತು, ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಗೋಡೆಯಂಚಿನ ಕಾಂಕ್ರೀಟು ಮೇಲೆದ್ದು ಬಿರುಕು ಬಿಟ್ಟಿತು.

ನಾನು ಕೆಟ್ಟದ್ದು ಒಂದೇ ಪರೀಕ್ಷೆಯನ್ನು ನಂಬಿ. ಮುಕ್ತ ಉಬ್ಬರದ ಪರೀಕ್ಷೆಯಲ್ಲಿ ಹತ್ತು ಗ್ರಾಂ ಒಣ ಮಣ್ಣನ್ನು ನೀರಿನ ಜಾಡಿಗೂ, ಅಷ್ಟೇ ಮಣ್ಣನ್ನು ಸೀಮೆಎಣ್ಣೆಯ ಜಾಡಿಗೂ ಹಾಕಿ, ತಳದಲ್ಲಿ ಕೂತ ಮಣ್ಣಿನ ಗಾತ್ರಗಳನ್ನು ಹೋಲಿಸುತ್ತಾರೆ; ಸೀಮೆಎಣ್ಣೆಯಲ್ಲಿ ಜೇಡಿ ಉಬ್ಬುವುದಿಲ್ಲವೆಂಬುದೇ ಆ ಲೆಕ್ಕದ ಬುನಾದಿ. ಆದರೆ ರಬ್ಬರು ಸೀಮೆಎಣ್ಣೆಯನ್ನು ಹೀರಿ ತಾನೇ ಉಬ್ಬುತ್ತದೆ. ಆ ಜಾಡಿಯ ತಳದಲ್ಲಿ ಕೂತದ್ದರ ಗಾತ್ರ ಹೆಚ್ಚಿದಷ್ಟೂ ಎರಡರ ಅಂತರ ಕುಗ್ಗಿ, ಮಣ್ಣಿನ ಉಬ್ಬರ ತಗ್ಗಿದಂತೆ ಕಾಣುತ್ತದೆ. ಪುಡಿ ಹೆಚ್ಚಿಸಿದಂತೆಲ್ಲ ಫಲಿತಾಂಶ ಚೆಲುವಾಗುತ್ತ ಹೋಯಿತು. ಅನುಮಾನಿಸಬೇಕಾದ ಹೊತ್ತಿನಲ್ಲಿ ನಾನು ಹಿಗ್ಗಿದೆ. ಸಾಲದೆಂಬಂತೆ, ಆ ಪರೀಕ್ಷೆಗೆ 425 ಮೈಕ್ರಾನ್ ಜರಡಿ ದಾಟಿದ ವಸ್ತುವೇ ಬೇಕಾದ್ದರಿಂದ ಪ್ರಯೋಗಾಲಯಕ್ಕೆ ಹೋದದ್ದು ನುಣ್ಣನೆಯ ಪುಡಿ, ನೆಲಕ್ಕೆ ಬಿದ್ದದ್ದು ಜೋಳದ ಕಾಳಿನಷ್ಟು ದಪ್ಪದ ಚೂರು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಜೇಡಿಯ ಜಾಗವನ್ನು ತಾನು ಹಿಡಿಯುವುದರಿಂದ ರಬ್ಬರು ಉಬ್ಬನ್ನು ಸ್ವಲ್ಪ ತಗ್ಗಿಸುತ್ತದೆ, ಅಷ್ಟೇ. ಅದು ಮಣ್ಣಿಗೆ ಅಂಟುವುದಿಲ್ಲ, ರೋಲರ್ ದಾಟಿದೊಡನೆ ಮತ್ತೆ ಪುಟಿದೇಳುತ್ತದೆ. ಮಣ್ಣಿನ ಕಣದ ಸಾಪೇಕ್ಷ ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ತೂಕ ಎಂಬುದು, ಸುಮಾರು 2.7 ಇದ್ದರೆ ರಬ್ಬರಿನದು 1.15ರ ಆಸುಪಾಸು. ತೂಕದಲ್ಲಿ ಶೇಕಡಾ 10 ಎಂದರೆ ಘನವಸ್ತುವಿನ ಗಾತ್ರದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಮೆತ್ತನೆಯ ಚೂರೇ ಆಗಿರುತ್ತದೆ. ಬಿಗಿ ತರುವುದು ಸುಣ್ಣ: ಅದರ ಕ್ಯಾಲ್ಸಿಯಂ ಜೇಡಿಯ ನೀರಿನ ದಾಹವನ್ನು ತಗ್ಗಿಸಿ, ಮುಂದೆ ಅದರ ಸಿಲಿಕಾದೊಡನೆ ಸೇರಿ ಗಟ್ಟಿಯಾಗುತ್ತದೆ. ಸುಣ್ಣವಿಲ್ಲದ ರಬ್ಬರಿಗೆ ನಾನು ಇನ್ನು ಒಂದು ರೂಪಾಯಿಯನ್ನೂ ಹಾಕುವುದಿಲ್ಲ.

ನನ್ನ ಕೇಳಿದರೆ, ನೆಲದಡಿ ಎರೆಯನ್ನು ತೆಗೆಸಿ, ಉಬ್ಬದ ಆದರೆ ಜಿಗುಟುಳ್ಳ ಗರಸನ್ನು ತುಂಬಿಸಿ ದಮ್ಮಸ್ಸು ಮಾಡಿಸಿ. ಐಐಟಿ ಬಾಂಬೆಯ ಆರ್. ಕೆ. ಕಟ್ಟಿಯವರು ರೂಪಿಸಿದ ಈ ಪದರದ ವಿಧಾನವನ್ನು ನಮ್ಮ ಮಲಪ್ರಭಾ ಕಾಲುವೆಯಲ್ಲೇ ಬಳಸಿದ್ದಾರೆ. ಟೈರೇ ಬೇಕೆಂದಿದ್ದರೆ, ನೆಲಕ್ಕೆ ಹಾಕುವ ಅದೇ ದಪ್ಪದ ಚೂರನ್ನು ಸುಣ್ಣದೊಡನೆ ಬೆರೆಸಿ, ಅಚ್ಚಿನಲ್ಲಿ ಅದುಮಿ ನಾಲ್ಕು ದಿನ ನೀರಿನಲ್ಲಿ ನೆನೆಸಿ, ಅದು ಎಷ್ಟು ಭಾರ ತಾಳುತ್ತದೆಂದು ನೋಡುವ ಸಿಬಿಆರ್ ಪರೀಕ್ಷೆ ಮಾಡಿಸಿ. ನೆನೆಯುವಾಗ ಅದೇ ಅಚ್ಚಿನ ಮೇಲೆ, ಕೂದಲೆಳೆಯಷ್ಟು ಏರಿಕೆಯನ್ನೂ ಅಳೆಯುವ ಡಯಲ್ ಗೇಜ್ ಇಟ್ಟರೆ ಉಬ್ಬೂ ಗೊತ್ತಾಗುತ್ತದೆ.