ಹೆಸರಿನ ಬಾಲಕ್ಕೆ ಅಂಟಿದ ‘ನ್’

ಕೇರಳದ ಕಾಸರಗೋಡಿನ ಕನ್ನಡಿಗರಿಗೆ ದಿನನಿತ್ಯದ ಕಿರಿಕಿರಿ ಯಾವುದರಿಂದ ಹೆಚ್ಚು, ಇಂಟರ್ನೆಟ್ಟಿನಿಂದಲೋ ರಾಜಕೀಯದಿಂದಲೋ, ಕರ್ನಾಟಕಕ್ಕೆ ಸೇರುವ ಆಸೆ ಈಗಲೂ ಇದೆಯೇ ಎಂದು ಕೇಳಿದ್ದೀರಿ. ನಾನು ಬದಿಯಡ್ಕದ ಹತ್ತಿರ ಒಂದು ಜೆರಾಕ್ಸ್ ಅಂಗಡಿ ನಡೆಸುತ್ತೇನೆ. ಜೆರಾಕ್ಸ್ ಎನ್ನುವುದು ಬೋರ್ಡಿನ ಮಾತು. ದಿನದ ಮುಕ್ಕಾಲು ಪಾಲು ಹೋಗುವುದು ಊರಿನವರ ಆನ್‌ಲೈನ್ ಅರ್ಜಿ ತುಂಬಿಸುವುದರಲ್ಲಿ. ಹಾಗಾಗಿ ನೀವು ಕೇಳಿದ ಎರಡು ತಲೆನೋವೂ ನನ್ನ ಮೇಜಿಗೇ ಬಂದು ಬೀಳುತ್ತವೆ.

ಒಂದು ‘ನ್’ ಕಥೆ ಹೇಳುತ್ತೇನೆ. ನಮ್ಮ ಕಡೆಯ ಒಬ್ಬ ಹಿರಿಯರು, ನಾರಾಯಣ ಎಂದಿಟ್ಟುಕೊಳ್ಳಿ. ಆಧಾರ್ ಕಾರ್ಡಿನಲ್ಲಿ ನಾರಾಯಣ, ರೇಷನ್ ಕಾರ್ಡಿನಲ್ಲಿ ನಾರಾಯಣನ್. ಮಲಯಾಳದಲ್ಲಿ ಗಂಡಸರ ಹೆಸರಿನ ಕೊನೆಗೆ ‘ನ್’ ಬರುವುದು ಸಹಜ, ಬರೆದ ಗುಮಾಸ್ತರದು ದುರುದ್ದೇಶವೇನಲ್ಲ, ಕೈ ರೂಢಿ. ಆದರೆ ಕಂಪ್ಯೂಟರಿಗೆ ರೂಢಿ ತಿಳಿಯುವುದಿಲ್ಲ. ಪಿಂಚಣಿಯ ಅರ್ಜಿ ಮೂರು ಸಲ ತಿರಸ್ಕೃತವಾಯಿತು. ನಾರಾಯಣನೂ ನಾರಾಯಣನ್ನೂ ಒಬ್ಬನೇ ಎಂದು ವಿಲೇಜ್ ಆಫೀಸಿನಿಂದ ಪ್ರಮಾಣಪತ್ರ ತರಬೇಕು. ಅದಕ್ಕೂ ಅರ್ಜಿ ಹಾಕಬೇಕು. ಆ ಅರ್ಜಿಯಲ್ಲಿ ಯಾವ ಹೆಸರು ಬರೆಯುವುದು? ನಾವಿಬ್ಬರೂ ಪರದೆ ನೋಡುತ್ತಾ ಸುಮ್ಮನೆ ಕುಳಿತೆವು. “ಈ ‘ನ್’ ಯಾರು ಮಾರಾಯ? ಅಪ್ಪ ಇಟ್ಟದ್ದಲ್ಲ, ನಾನು ಸಾಕಿದ್ದೂ ಅಲ್ಲ” ಎಂದರು. ಅವರ ಪ್ಲಾಸ್ಟಿಕ್ ಚೀಲದಲ್ಲಿ ಅಪ್ಪನ ಕಾಲದ ಜಾಗದ ದಾಖಲೆಯೂ ಇತ್ತು. ಇಲ್ಲಿಯವರೆಲ್ಲ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯವರಾಗಿದ್ದಾಗ ಬರೆಸಿದ್ದು, ಮಸಿ ಕಂದು ಬಣ್ಣಕ್ಕೆ ತಿರುಗಿದ್ದರೂ ಕನ್ನಡ ಅಕ್ಷರ ದುಂಡಗೆ ಉಳಿದಿತ್ತು.

ನನ್ನ ಕಿರಿಕಿರಿಯ ಮೂಲ ಇದೇ: ಪಿನ್‌ಕೋಡ್ ನೋಡಿ ಭಾಷೆ ತೀರ್ಮಾನಿಸುವುದು. 671ರಿಂದ ಶುರುವಾದರೆ ಮುಗಿಯಿತು, ನಾನು ಮಲಯಾಳಿ. ಮೊಬೈಲನ್ನು ಪೂರ್ತಿ ಕನ್ನಡದಲ್ಲಿ ಇಟ್ಟಿದ್ದೇನೆ, ಹುಡುಕುವುದು ಕನ್ನಡದಲ್ಲಿ, ಓದುವುದು ಕನ್ನಡದಲ್ಲಿ. ರಾತ್ರಿ ಅಂಗಡಿ ಮುಚ್ಚಿ ಒಂದು ಯಕ್ಷಗಾನ ಹಾಕಿಕೊಂಡರೆ, ಭಾಗವತರು ಪದ ಎತ್ತಿ ಚೆಂಡೆ ಏರುವ ಹೊತ್ತಿಗೆ ಸರಿಯಾಗಿ ಚಿನ್ನದಂಗಡಿಯ ಮದುಮಗಳು ಮಲಯಾಳದಲ್ಲಿ ನಗುತ್ತಾಳೆ. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಪಕ್ಕದಲ್ಲಿದೆ ಎಂದು ಆ ಯಂತ್ರಕ್ಕೆ ಹೇಳುವವರು ಯಾರು? ಗ್ರಾಹಕ ಸೇವೆಗೆ ಫೋನು ಮಾಡಿದರೆ ಒಂದು ಒತ್ತಿದರೆ ಮಲಯಾಳ, ಎರಡು ಒತ್ತಿದರೆ ಇಂಗ್ಲಿಷು, ಮೂರು ಒತ್ತಿದರೆ ಹಿಂದಿ. ಗುಂಡಿಗಳು ಹತ್ತಿದ್ದರೂ ಕನ್ನಡಕ್ಕೊಂದು ಸಿಕ್ಕುವುದಿಲ್ಲ. ಅಂಗಡಿ ಶುರು ಮಾಡಿದ ಹೊಸತರಲ್ಲಿ ಅರ್ಜಿಯ ತಲೆಯ ಮೇಲೆ ‘ಅಪೇಕ್ಷ’ ಎಂದು ಓದಿ, ಸರಕಾರ ನಮ್ಮ ಆಸೆ ಕೇಳುತ್ತಿದೆಯಲ್ಲ ಎಂದು ಖುಷಿಯಾಗಿತ್ತು. ಮಲಯಾಳದಲ್ಲಿ ಅರ್ಜಿಗೇ ಆ ಹೆಸರು.

ಮಲಯಾಳದ ಮೇಲೆ ಸಿಟ್ಟು ಎಂದು ತಿಳಿಯಬೇಡಿ. ನಾನು ಮನೆಯಲ್ಲಿ ತುಳು ಮಾತನಾಡುತ್ತೇನೆ, ಗಿರಾಕಿಗಳೊಡನೆ ಮಲಯಾಳ, ಲೆಕ್ಕ ಬರೆಯುವುದು ಕನ್ನಡದಲ್ಲಿ. ಇಲ್ಲಿ ಕನ್ನಡಿಗ ಎಂದರೆ ಹೀಗೆಯೇ.

ಇನ್ನು ರಾಜಕೀಯ. ನವೆಂಬರ್ 1ರಂದು ನನ್ನ ಮೊಬೈಲಿಗೆ ಬೆಳಗ್ಗಿನಿಂದ ಎರಡು ಬಗೆಯ ಶುಭಾಶಯ ಬರುತ್ತದೆ. ಕರ್ನಾಟಕ ರಾಜ್ಯೋತ್ಸವವೂ ಕೇರಳ ಹುಟ್ಟಿದ ದಿನವೂ ಒಂದೇ, 1956ರ ಅದೇ ತಾರೀಕು. ಎರಡಕ್ಕೂ ಕೈ ಮುಗಿದ ಚಿತ್ರ ಕಳುಹಿಸುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನ ಕಡೆಯಿಂದ ‘ಕಾಸರಗೋಡು ನಮ್ಮದು’ ಎಂಬ ಗರ್ಜನೆಗಳು ಶುರುವಾಗುತ್ತವೆ. ಚಂದ್ರಗಿರಿ ಹೊಳೆಯ ಉತ್ತರ ಭಾಗ ಆಗಿನ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಬೇಕೆಂದು ಗಡಿ ತಕರಾರು ನೋಡಲು ಕೇಂದ್ರ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲೇ ಹೇಳಿತ್ತು, ನನ್ನ ಅಂಗಡಿಯೂ ಆ ಭಾಗದಲ್ಲಿಯೇ ಇದೆ. ನಮ್ಮ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅದಕ್ಕಾಗಿ ಜೀವಮಾನವಿಡೀ ಹೋರಾಡಿ, ನೂರು ವರ್ಷ ತುಂಬಿದ ಮೇಲೆ 2015ರಲ್ಲಿ ತೀರಿಕೊಂಡರು. ಅವರ ಮಾತಿಗೆ ನಾನು ತಲೆಬಾಗುತ್ತೇನೆ. ಗರ್ಜನೆಯವರ ಮಾತಿಗೆ ಇಲ್ಲ. 2020ರ ಮಾರ್ಚ್‌ನಲ್ಲಿ, ಕೊರೊನಾ ಬಂದಾಗ, ಇದೇ ‘ನಮ್ಮ’ ಕಾಸರಗೋಡಿನಿಂದ ಬರುವ ರಸ್ತೆಗಳಿಗೆ ಕರ್ನಾಟಕ ಲಾರಿಗಟ್ಟಲೆ ಮಣ್ಣು ಸುರಿಯಿತು. ನಮಗೆ ದೊಡ್ಡಾಸ್ಪತ್ರೆ ಎಂದರೆ ಮಂಗಳೂರು. ಆಂಬುಲೆನ್ಸುಗಳು ಗಡಿಯ ತಲಪಾಡಿಯಲ್ಲಿ ನಿಂತವು, ದಾರಿ ಬಿಡಿಸಲು ಕೇರಳದ ಹೈಕೋರ್ಟು ಹೇಳಬೇಕಾಯಿತು. ಆ ವಾರ ನನ್ನ ಮೊಬೈಲಿಗೆ ಒಂದು ಗರ್ಜನೆಯೂ ಬರಲಿಲ್ಲ.

ಊರೊಳಗಿನ ರಾಜಕೀಯ ಬೇರೆಯೇ. ಕರ್ನಾಟಕದಲ್ಲಿ ಗ್ರಾಮ ಪಂಚಾಯತಿಗೆ ಪಕ್ಷದ ಚಿಹ್ನೆ ಇಲ್ಲ, ಇಲ್ಲಿ ವಾರ್ಡಿನ ಮಟ್ಟಕ್ಕೂ ಇದೆ. ಆದ್ದರಿಂದ ಚುನಾವಣೆ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಣ್ಣ ತಮ್ಮಂದಿರೇ ಕಚ್ಚಾಡುತ್ತಾರೆ. ಮರುದಿನ ದೇವಸ್ಥಾನದ ಬ್ರಹ್ಮಕಲಶದ ಊಟದಲ್ಲಿ ಒಬ್ಬ ಸಾರಿನ ಬಕೆಟ್ ಹಿಡಿದು ಬಂದರೆ ಇನ್ನೊಬ್ಬ ಎಲೆಯ ಮುಂದೆ ಕುಳಿತು “ಇನ್ನೊಂದು ಸೌಟು” ಎನ್ನುತ್ತಾನೆ. ಗುಂಪಿನಲ್ಲಿ ಬರೆದದ್ದನ್ನು ಇಬ್ಬರೂ ಎತ್ತುವುದಿಲ್ಲ. ಪಕ್ಕದ ಮಂಜೇಶ್ವರದಲ್ಲಿ 2016ರ ವಿಧಾನಸಭಾ ಚುನಾವಣೆ ಬರೀ 89 ಮತಗಳ ಅಂತರದಲ್ಲಿ ಮುಗಿದಿತ್ತು. ಅಷ್ಟು ಬಿಗಿಯಿದ್ದಾಗ ಯಾವ ಅಭ್ಯರ್ಥಿಗೂ ಕನ್ನಡ, ತುಳು ತಾನಾಗಿ ಬಾಯಿಗೆ ಬರುತ್ತದೆ. ಗೆದ್ದ ಮೇಲೆ ಅರ್ಜಿ ನಮೂನೆಯಲ್ಲಿ ಮಾತ್ರ ಬರುವುದಿಲ್ಲ.

ಸೇರುವ ಆಸೆಯೆಂದರೆ, ನನ್ನ ಅಪ್ಪನಿಗಿತ್ತು. ನನಗೆ ಈಗ ಗಡಿ ಅತ್ತ ಸರಿಯುವುದಕ್ಕಿಂತ ಅರ್ಜಿಯ ಮೂಲೆಯಲ್ಲಿ ಕನ್ನಡಕ್ಕೆ ಒಂದು ಗುಂಡಿ ಬಂದರೆ ಹೆಚ್ಚು ಸಂತೋಷ.

ನಾರಾಯಣರ ಪ್ರಮಾಣಪತ್ರ ಕಳೆದ ವಾರ ಬಂತು. ಎರಡೂ ಹೆಸರು ಒಬ್ಬರದೇ ಎಂದು ಸರಿಯಾಗಿಯೇ ಬರೆದಿದ್ದರು. ಕೆಳಗಿನ ಸಾಲಿನಲ್ಲಿ ಅವರ ಅಪ್ಪ ಈಶ್ವರ ‘ಈಶ್ವರನ್’ ಆಗಿದ್ದರು. ತಿದ್ದಿಸೋಣವೇ ಎಂದು ಕೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು: “ಬೇಡ, ಅಪ್ಪ ಹೋಗಿ ನಲವತ್ತು ವರ್ಷ ಆಯಿತು. ಅವರಿಗೆ ಪಿಂಚಣಿ ಬರುವುದಕ್ಕಿಲ್ಲವಲ್ಲ.”