ಹೆರಿಗೆ ಡಾಕ್ಟರ್ ಆಗಿದ್ದುಕೊಂಡೇ ಉಪಕರಣ ಕಂಡುಹಿಡಿಯೋಕೆ ಆಗುತ್ತಾ?

ಮಗಳು ಎಂಬಿಬಿಎಸ್ ಕೊನೇ ವರ್ಷದಲ್ಲಿದ್ದಾಳೆ, ಒಬಿಜಿ (ಹೆರಿಗೆ ಮತ್ತು ಸ್ತ್ರೀರೋಗ ವಿಭಾಗ) ಮಾಡ್ತೀನಿ ಅಂತಾಳೆ, ಜೊತೆಗೆ ಏನಾದ್ರೂ ಉಪಕರಣ ತಯಾರಿಸುವ ಹುಚ್ಚೂ ಇದೆ, ಎರಡೂ ಒಟ್ಟಿಗೆ ಆಗುತ್ತಾ ಅಥವಾ ಅದೆಲ್ಲ ಇಂಜಿನಿಯರುಗಳ ಕೆಲಸವಾ, ಅದರಲ್ಲಿ ದುಡ್ಡಿದೆಯಾ ಅಂತ ಕೇಳಿದ್ದೀರಿ. ಆಗುತ್ತೆ. ನಾನೂ ಒಬಿಜಿನೇ, ತಾಲ್ಲೂಕು ಆಸ್ಪತ್ರೆಯಲ್ಲಿದ್ದೇನೆ. ನಾನೇನೂ ಕಂಡುಹಿಡಿದಿಲ್ಲ, ಆದರೆ ನನ್ನಂಥ ಡಾಕ್ಟರ್‌ಗಳು ಕಂಡುಹಿಡಿದದ್ದು ನಮ್ಮ ವಾರ್ಡಿನಲ್ಲೇ ಇದೆ. ಎರಡರ ಬಗ್ಗೆ ಹೇಳ್ತೀನಿ.

ಮೊದಲನೆಯದು ಬಾಂಗ್ಲಾದೇಶದ ಡಾ. ಸಾಯೆಬಾ ಅಖ್ತರ್ ಅವರದು. ಅದಕ್ಕೂ ಮೊದಲು ರೋಗ ಏನು ಅಂತ ಗೊತ್ತಿರಬೇಕು. ಮಗು ಹುಟ್ಟಿ ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುರಿಕೊಳ್ಳಬೇಕು. ಆಗಲೇ ಮಾಸು ಅಂಟಿದ್ದ ಜಾಗದ ರಕ್ತನಾಳಗಳ ಬಾಯಿ ಮುಚ್ಚೋದು. ಮುದುರದೆ ಸಡಿಲವಾಗೇ ಉಳಿದರೆ ರಕ್ತ ನಿಲ್ಲಲ್ಲ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ರಕ್ತ ಹರಿಯುತ್ತಿರುತ್ತೆ, ಹಾಗಾಗಿ ಯೋಚನೆ ಮಾಡ್ತಾ ನಿಲ್ಲೋಕೆ ಸಮಯವೇ ಇರಲ್ಲ. ಹೆರಿಗೆ ಆದ ಮೇಲಿನ ಈ ವಿಪರೀತ ರಕ್ತಸ್ರಾವವನ್ನೇ ನಾವು ಪಿಪಿಹೆಚ್ ಅನ್ನೋದು. ಔಷಧಕ್ಕೂ ಬಗ್ಗದಿದ್ದರೆ ಒಳಗೊಂದು ಬಲೂನು ಇಟ್ಟು ಸಲೈನ್ ತುಂಬಿಸಿ, ಒಳಗಿನಿಂದಲೇ ಒತ್ತಡ ಕೊಡುವ ಉಪಾಯ ಇದೆ. ಯೂನಿಸ್ ಬಾಕ್ರಿ ಅನ್ನುವ ಪ್ರಸೂತಿ ತಜ್ಞರು ಇದಕ್ಕೆಂದೇ ಸಿಲಿಕೋನ್ ಬಲೂನು ಮಾಡಿದರು, ಅವರ ಹೆಸರಲ್ಲೇ ಈಗಲೂ ಸಿಗುತ್ತೆ. ಒಳ್ಳೇ ಸಾಧನವೇ. ಆದರೆ ಬೆಲೆ ಸಾವಿರಗಟ್ಟಲೆ, ಒಬ್ಬರಿಗೆ ಒಂದೇ ಸಲ ಬಳಸಿ ಬಿಸಾಡಬೇಕು.

ಢಾಕಾ ಮೆಡಿಕಲ್ ಕಾಲೇಜಿನಲ್ಲಿದ್ದ ಸಾಯೆಬಾ ಅಖ್ತರ್ ಅದೇ ಕೆಲಸವನ್ನು ಕಾಂಡೋಮಿನಿಂದ ಮಾಡಿಸಿದರು. ಕಾಂಡೋಮ್, ರಬ್ಬರ್ ಕ್ಯಾತಿಟರ್ (ತೆಳು ಕೊಳವೆ), ಹೊಲಿಗೆ ದಾರ, ಸಲೈನ್ ಬಾಟಲಿ, ಡ್ರಿಪ್ ಸೆಟ್, ಅಷ್ಟೇ. ಕ್ಯಾತಿಟರಿನ ತುದಿಗೆ ಕಾಂಡೋಮ್ ಹಾಕಿ ದಾರದಿಂದ ಕಟ್ಟಿ, ಗರ್ಭಕೋಶದೊಳಗೆ ಇಟ್ಟು, 200ರಿಂದ 500 ಮಿಲಿ ಸಲೈನ್ ಬಿಟ್ಟು, ರಕ್ತ ಕಡಿಮೆ ಆದ ತಕ್ಷಣ ಹೊರಗಿನ ತುದಿಯನ್ನು ಮಡಚಿ ಕಟ್ಟೋದು. ಒಂದೆರಡು ದಿನ ಬಿಟ್ಟು ನಿಧಾನಕ್ಕೆ ಸಲೈನ್ ಇಳಿಸಿ ತೆಗೆಯೋದು. 2003ರಲ್ಲಿ ಅವರ ತಂಡ 23 ತಾಯಂದಿರ ಮೇಲಿನ ಫಲಿತಾಂಶ ಪ್ರಕಟಿಸಿತು, ಎಲ್ಲರಿಗೂ 15 ನಿಮಿಷದೊಳಗೆ ರಕ್ತ ನಿಂತಿತ್ತು. ಆಮೇಲೆ ಬೇರೆ ಬೇರೆ ಬಡ ದೇಶಗಳ ಆಸ್ಪತ್ರೆಗಳು ಇದನ್ನು ಕಲಿತುಕೊಂಡವು.

ಕೇಳೋಕೆ ಸುಲಭ ಅನ್ಸುತ್ತೆ. ಕಷ್ಟ ಇರೋದು ಗಂಟಿನಲ್ಲಿ. ಸಡಿಲವಾದರೆ ಸಲೈನ್ ಸೋರುತ್ತೆ, ಜಾಸ್ತಿ ಬಿಗಿದರೆ ಕ್ಯಾತಿಟರಿನ ತೂತೇ ಮುಚ್ಚಿಹೋಗಿ ಒಂದು ಹನಿ ಒಳಗೆ ಹೋಗಲ್ಲ. ನಮ್ಮಲ್ಲಿ ಹಿರಿಯ ಸಿಸ್ಟರ್ ಒಬ್ಬರಿದ್ದಾರೆ, ಕಟ್ಟಿದ ಮೇಲೆ ಸಿರಿಂಜಿನಲ್ಲಿ ಸ್ವಲ್ಪ ಸಲೈನ್ ಬಿಟ್ಟು, ಲೈಟಿಗೆ ಹಿಡಿದು, ಗಂಟಿನ ಸುತ್ತ ಬೆರಳಾಡಿಸಿ ಒದ್ದೆ ಇಲ್ಲ ಅಂತ ಖಾತ್ರಿ ಆದ ಮೇಲೇ ನನ್ನ ಕೈಗೆ ಕೊಡೋದು. ನಾನು ಅವಸರ ಮಾಡಿದರೆ "ತಡೀರಿ ಡಾಕ್ಟ್ರೇ" ಅಂತ ಗದರುತ್ತಾರೆ.

ಇಷ್ಟಾದ್ರೂ ಇದನ್ನು ಪವಾಡ ಅಂತ ತಿಳ್ಕೋಬೇಡಿ. ಬೆನಿನ್ ಮತ್ತು ಮಾಲಿಯಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಗರ್ಭಕೋಶ ಮುದುರಿಸುವ ಮಿಸೊಪ್ರೊಸ್ಟಾಲ್ ಮಾತ್ರೆಯ ಜೊತೆ ಕಾಂಡೋಮ್ ಬಲೂನು ಸೇರಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಆಪರೇಷನ್ನಿಗೂ ರಕ್ತ ಕೊಡೋಕೂ ತಕ್ಷಣ ವ್ಯವಸ್ಥೆ ಇರುವ ಕಡೆ ಮಾತ್ರ ಬಲೂನು ಬಳಸಿ ಅಂತ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ನನಗೂ ಅದು ಸರಿ ಅನ್ಸುತ್ತೆ. ಲೀಟರುಗಟ್ಟಲೆ ರಕ್ತ ಹೋದ ಮೇಲೆ ಯಾವ ಬಲೂನು ಹಾಕಿ ಏನು ಪ್ರಯೋಜನ, ಅಲ್ವಾ?

ಅದಕ್ಕೇ ನನ್ನ ಪ್ರಕಾರ ಬಲೂನಿಗಿಂತ ದೊಡ್ಡ ಉಪಕರಣ, ಹೋದ ರಕ್ತವನ್ನು ಅಳೆಯುವ ಒಂದು ಪ್ಲಾಸ್ಟಿಕ್ ಚೀಲ. ಇದು ನಮ್ಮ ಬೆಳಗಾವಿಯದು. ಅಲ್ಲಿನ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದವರ ಜೊತೆ ಸೇರಿ ಮಾಡಿದ್ದು. ಹೆಸರು ಬ್ರಾಸ್-ವಿ ಡ್ರೇಪ್, ಏಳು ಜನರ ಹೆಸರಿನ ಮೊದಲ ಅಕ್ಷರ ಜೋಡಿಸಿ ಇಟ್ಟದ್ದು. ಮಗು ಹುಟ್ಟಿದ ಮೇಲೆ ತಾಯಿಯ ಕೆಳಗೆ ಹಾಸುವ ಹಾಳೆ, ಸೊಂಟಕ್ಕೆ ಕಟ್ಟೋಕೆ ದಾರ, ಕೆಳಗೆ ಇಳಿಬಿದ್ದ ಆಲಿಕೆಯಂಥ ಚೀಲ, ಅದರ ಮೇಲೆ ಅಳತೆಯ ಗೆರೆ. ಒಂದು ಮೋಟಾರಿಲ್ಲ, ಬ್ಯಾಟರಿ ಇಲ್ಲ.

ಇದು ಯಾಕೆ ಬೇಕಾಯ್ತು ಅಂದ್ರೆ, ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಎಎನ್‌ಎಂಗಳು (ಹಳ್ಳಿಯ ಸಹಾಯಕ ನರ್ಸ್‌ಗಳು) ಮಾಡಿಸುವ ಹೆರಿಗೆಯಲ್ಲಿ ಮಿಸೊಪ್ರೊಸ್ಟಾಲ್ ಮಾತ್ರೆ ರಕ್ತಸ್ರಾವ ತಡೆಯುತ್ತಾ ಅಂತ ಅವರು ನೋಡ್ತಿದ್ದರು. ನೋಡಬೇಕಾದರೆ ಮೊದಲು ರಕ್ತ ಅಳೀಬೇಕಲ್ಲ. ಬಟ್ಟೆಗೆ ಹೀರಿದ್ದು, ಬಕೆಟ್ಟಿಗೆ ಬಿದ್ದದ್ದು, ನೆಲಕ್ಕೆ ಹರಿದದ್ದು ಎಲ್ಲ ಸೇರಿಸಿ "ಸುಮಾರು ಮುನ್ನೂರು ಇರಬಹುದು" ಅಂತ ಕೇಸ್ ಶೀಟಿನಲ್ಲಿ ಬರೆಯೋದು ಆಗಿನ ರೂಢಿ, ಸುಮಾರು ಕಡೆ ಈಗಲೂ. ಡ್ರೇಪ್ ಜೊತೆ ಹೋಲಿಸಿ ನೋಡಿದಾಗ ಕಣ್ಣಂದಾಜು ಮೂರನೇ ಒಂದು ಪಾಲು ಕಡಿಮೆ ಅಂತ ಗೊತ್ತಾಯ್ತು. ಆ ಅಧ್ಯಯನದಲ್ಲಿ 1,620 ತಾಯಂದಿರಿದ್ದರು, ಪಿಪಿಹೆಚ್ ಆ ಮಾತ್ರೆ ತಗೊಳ್ಳದವರಲ್ಲಿ 12 ಪರ್ಸೆಂಟ್, ತಗೊಂಡವರಲ್ಲಿ 6.4 ಪರ್ಸೆಂಟ್ ಇತ್ತು, ಇದು 2006ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು.

ಇದೇ ರೀತಿಯ ಅಳತೆ ಚೀಲವನ್ನು ಮುಂದೆ ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾದ 80 ಆಸ್ಪತ್ರೆಗಳಲ್ಲಿ ಇ-ಮೋಟಿವ್ ಅನ್ನುವ ಅಧ್ಯಯನಕ್ಕೆ ಬಳಸಿದರು. ಗೆರೆ ದಾಟಿತೋ, ಇಂಜೆಕ್ಷನ್, ಹೊಟ್ಟೆ ಉಜ್ಜೋದು, ಡ್ರಿಪ್ ಎಲ್ಲ ಒಟ್ಟಿಗೇ ಶುರು, ಒಂದೊಂದಾಗಿ ಕಾಯೋದಿಲ್ಲ. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಆಪರೇಷನ್, ಅದರಿಂದ ಸಾವು, ಈ ಮೂರನ್ನೂ ಸೇರಿಸಿ ಲೆಕ್ಕ ಹಾಕಿದರೆ 60 ಪರ್ಸೆಂಟ್ ಕಡಿಮೆ ಆಗಿತ್ತು. 2023ರ ಫಲಿತಾಂಶ ಇದು. ಮೊದಲು ಅರ್ಧದಷ್ಟು ಕೇಸು ಗೊತ್ತೇ ಆಗ್ತಿರಲಿಲ್ಲ, ಚೀಲ ಬಂದ ಮೇಲೆ ಹತ್ತರಲ್ಲಿ ಒಂಬತ್ತು ಗೊತ್ತಾದವು. ಆದರೆ ಚೀಲ ಸುಮ್ನೆ ನೇತಾಡಿದರೆ ಆಗಲ್ಲ, ಗೆರೆ ನೋಡೋಕೆ ಒಬ್ಬರು ಅಲ್ಲೇ ನಿಂತಿರಬೇಕು. ರಾತ್ರಿ ಪಾಳಿಯಲ್ಲಿ ಒಬ್ಬರೇ ಸಿಸ್ಟರ್ ಮೂರು ಹೆರಿಗೆ ನೋಡ್ತಿದ್ದರೆ ಅದೂ ಕಷ್ಟ.

ಇನ್ನು ನಿಮ್ಮ ಮಗಳ ವಿಷಯ. ಮೊದಲು ಒಬಿಜಿ ಸೀಟು ತಗೊಳ್ಳಲಿ, ಇಂಜಿನಿಯರುಗಳು ಆಮೇಲೆ ಸಿಗ್ತಾರೆ. ಐಐಟಿ ಬಾಂಬೆಯ ಬೆಟಿಕ್‌ನಂಥ ಕಡೆ ಡಾಕ್ಟರ್‌ಗಳನ್ನೂ ಇಂಜಿನಿಯರುಗಳನ್ನೂ ಕೂರಿಸಿ ಉಪಕರಣ ಮಾಡಿಸುತ್ತಾರೆ. ಪಿಜಿ ಮಾಡುವಾಗ ಲೇಬರ್ ವಾರ್ಡಿನ ಸಿಸ್ಟರ್‌ಗಳು ಯಾವುದಕ್ಕೆ ಪ್ಲಾಸ್ಟರ್ ಸುತ್ತಿ, ಯಾವುದನ್ನು ಕತ್ತರಿಸಿ ಕೆಲಸ ಸಾಗಿಸ್ತಿದ್ದಾರೆ ಅಂತ ನೋಡಿ ಬರೆದಿಟ್ಟುಕೊಳ್ಳಲಿ. ಏನು ಕಂಡುಹಿಡೀಬೇಕು ಅನ್ನೋ ಪಟ್ಟಿ ಅದೇ.

ದುಡ್ಡು? ಕಂಪನಿ ತಯಾರಿಸಿ ಮಾರುವಂಥದ್ದಾದರೆ ಬರಬಹುದು. ಕಾಂಡೋಮ್, ದಾರ, ಪ್ಲಾಸ್ಟಿಕ್ ಚೀಲದಲ್ಲಿ ಏನೂ ಬರಲ್ಲ ಸಾರ್. ಜೊತೆಗೆ ಒಂದು ಕ್ಲಿನಿಕ್ ಇಟ್ಟುಕೊಂಡಿರಲಿ.