ತೇಗದ ಉಂಗುರ ಹೇಳುವುದು ಮಳೆಯ ಕತೆಯೋ, ಸೆಕೆಯ ಕತೆಯೋ?

ಪ್ರಶ್ನೆ: ಸರ್, ಕಾರ್ಕಳದ ಹತ್ತಿರ ನಮ್ಮ ತೋಟದ ಅಂಚಿನಲ್ಲಿದ್ದ ತೇಗದ ಮರ ಕಳೆದ ಮಳೆಗಾಲದಲ್ಲಿ ಬಿತ್ತು. ಮಿಲ್ಲಿನಲ್ಲಿ ಕೊಯ್ಯಿಸುವಾಗ ಬುಡದ ಒಂದು ಬಿಲ್ಲೆ ತೆಗೆದಿಟ್ಟುಕೊಂಡೆ. ಎಣಿಸಿದರೆ 49 ಉಂಗುರ. ಆದರೆ ಅಪ್ಪ ಅದನ್ನು ನೆಟ್ಟದ್ದು ನಾನು ಒಂದನೇ ಕ್ಲಾಸಿಗೆ ಸೇರಿದ ವರ್ಷ. ಅಂದ್ರೆ ಬೀಳುವಾಗ ಅದಕ್ಕೆ 46 ವರ್ಷ. ಲೆಕ್ಕ ಯಾಕೆ ತಪ್ಪಿತು? ಕೆಲವು ಉಂಗುರ ದಪ್ಪ, ಕೆಲವು ತೀರಾ ಸಪೂರ. ಇದನ್ನು ನೋಡಿ, ಮುಂದೆ ಸೆಕೆ ಜಾಸ್ತಿಯಾದರೆ ಘಟ್ಟದ ಕಾಡು ಏನಾಗುತ್ತದೆ ಅಂತ ಹೇಳಬಹುದಂತೆ. ಹೌದಾ?

ಉತ್ತರ: ಮೊದಲು ಲೆಕ್ಕದ ವಿಷಯ. ನಿಮ್ಮ ನೆನಪೂ ಸರಿ, ಎಣಿಕೆಯೂ ಸರಿ ಇರಬಹುದು. ತಪ್ಪು ಲೆಕ್ಕ ಬರೆದದ್ದು ಮರ! ಸಸಿ ತರುವಾಗಲೇ ಒಂದು ವರ್ಷದ್ದಾಗಿದ್ದರೆ ಒಂದು ಉಂಗುರ ಅಲ್ಲಿಗೆ ಹೋಯಿತು. ಉಳಿದ ಎರಡು ಬಹುಶಃ ಸುಳ್ಳು ಉಂಗುರ.

ಫೆಬ್ರವರಿ, ಮಾರ್ಚ್‌ನಲ್ಲಿ ತೇಗ ಎಲೆ ಉದುರಿಸಿ ಬೋಳಾಗಿ ನಿಂತಿರುತ್ತದೆ. ಪತ್ತನಾಜೆಗೆ (ಮೇ ಕೊನೆಯ ವಾರ ಬರುವ ತುಳುವರ ದಿನ) ಮೊದಲೇ ಒಂದೆರಡು ಗುಡುಗಿನ ಮಳೆ ಬಿದ್ದರೆ ಚಿಗುರುತ್ತದೆ, ತೊಗಟೆಯ ಒಳಗೆ ಹೊಸ ಮರ ಕಟ್ಟಲು ಶುರು ಮಾಡುತ್ತದೆ. ಆಮೇಲೆ ಇಪ್ಪತ್ತು ದಿನ ಬರೀ ಬಿಸಿಲು ಹೊಡೆದರೆ ಕೆಲಸ ನಿಲ್ಲುತ್ತದೆ. ಜೂನ್‌ನಲ್ಲಿ ಮತ್ತೆ ಆರಂಭ. ಒಂದೇ ವರ್ಷಕ್ಕೆ ಎರಡು ಗೆರೆ ಬಿತ್ತು ನೋಡಿ. ಎಲೆ ತಿನ್ನುವ ಹುಳ ಬಂದು ಚಿಗುರನ್ನೆಲ್ಲ ಜರಡಿ ಮಾಡಿದರೂ ಹೀಗೇ ಆಗುತ್ತದೆ.

ಬಿಲ್ಲೆಯನ್ನು ಸ್ಯಾಂಡ್ ಪೇಪರಿನಲ್ಲಿ ನಯ ಮಾಡಿ, ಸ್ವಲ್ಪ ನೀರು ಸವರಿ, ಭೂತಗನ್ನಡಿಯಲ್ಲಿ ನೋಡಿ. ವರ್ಷದ ಆರಂಭದಲ್ಲಿ ದಪ್ಪ ಸೂಜಿ ಚುಚ್ಚಿದಂಥ ತೂತುಗಳ ಸಾಲು ಕಾಣುತ್ತದೆ. ಬೇರು ಹೀರಿದ ನೀರು ಮೇಲೇರುವ ದಾರಿ ಅದು. ಆಮೇಲಿನ ತೂತುಗಳು ಸಣ್ಣವು. ನಿಜವಾದ ಉಂಗುರದ ಗೆರೆ ಚೊಕ್ಕವಾಗಿ ಸುತ್ತು ಪೂರ್ತಿ ಬರುತ್ತದೆ. ಸುಳ್ಳು ಉಂಗುರ ಮಸುಕು. ಎಷ್ಟೋ ಸಲ ಅರ್ಧದಲ್ಲೇ ಮಾಯವಾಗುತ್ತದೆ. (ಅಡಿಕೆ, ತೆಂಗಿನ ಕಾಂಡದಲ್ಲಿ ಇದನ್ನೆಲ್ಲ ಹುಡುಕಬೇಡಿ. ಅವು ತಾಳೆಯ ಜಾತಿ, ಉಂಗುರವೇ ಇಲ್ಲ. ಹೊರಗೆ ಕಾಣುವ ಬಳೆಗಳು ಸೋಗೆ ಬಿದ್ದ ಗುರುತು.)

ಇದಕ್ಕೇ ಒಂದು ಮರದ ಮಾತನ್ನು ಯಾರೂ ನಂಬುವುದಿಲ್ಲ. ಈ ವಿದ್ಯೆ ಶುರು ಮಾಡಿದ ಎ.ಇ. ಡಗ್ಲಸ್ ಅಮೆರಿಕದ ಖಗೋಳ ವಿಜ್ಞಾನಿ. ಸೂರ್ಯನ ಕಲೆಗಳ ಪ್ರಭಾವ ಮರದಲ್ಲಿ ಸಿಕ್ಕೀತಾ ಅಂತ ಹುಡುಕುತ್ತಾ ಅರಿಜೋನಾದ ಪೈನ್ ಮರಗಳ ಹತ್ತಿರ ಬಂದವರು. ದಪ್ಪ, ಸಪೂರ, ಸಪೂರ, ದಪ್ಪ ಅನ್ನುವ ಒಂದೇ ಓಟ ಬೇರೆ ಬೇರೆ ಮರಗಳಲ್ಲಿ ಇರುವುದನ್ನು ಗಮನಿಸಿದರು. ಎರಡು ಚೆಂಡೆ ಒಟ್ಟಿಗೆ ಬಾರಿಸುವಾಗ ಒಬ್ಬರು ಒಂದು ಪೆಟ್ಟು ತಪ್ಪಿದರೂ ಗೊತ್ತಾಗುತ್ತದಲ್ವಾ? ಹಾಗೆ, ಮರಕ್ಕೆ ಮರ ಹೊಂದಿಸಿದಾಗ ಸುಳ್ಳು ಉಂಗುರ, ಬಿಟ್ಟುಹೋದ ಉಂಗುರ ಎರಡೂ ಸಿಕ್ಕಿಬೀಳುತ್ತವೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಕೇರಳದ ತೇಗಗಳನ್ನು ಹೀಗೆ ಹೊಂದಿಸಿ 1481ರಿಂದ 2003ರವರೆಗೆ, 523 ವರ್ಷದ ದಾಖಲೆ ಕಟ್ಟಿದ್ದಾರೆ. ಎಲ್ ನಿನೋದ (ಪೆಸಿಫಿಕ್ ಸಾಗರದ ನೀರು ಮಾಮೂಲಿಗಿಂತ ಬಿಸಿಯಾಗುವುದು) ಜೊತೆ ಬಂದ ಬರಗಳ ಗುರುತು ಅದರಲ್ಲಿ ಸಿಗುತ್ತದೆ.

ಈಗ ಭವಿಷ್ಯದ ಪ್ರಶ್ನೆ. ಒಂದೇ ಕಾಡಿನ ಇಪ್ಪತ್ತು ಮೂವತ್ತು ಮರಗಳ ಉಂಗುರ ಅಳೆಯುತ್ತಾರೆ. ಎಳೆ ಮರದ ಉಂಗುರ ಸಾಮಾನ್ಯವಾಗಿ ದಪ್ಪ. ಹಾಗಾಗಿ ವಯಸ್ಸಿನ ಆ ಪಾಲನ್ನು ಕಳೆಯುತ್ತಾರೆ. ಉಳಿದ ಏರಿಳಿತವನ್ನು ತಿಂಗಳುವಾರು ಮಳೆ ಮತ್ತು ಸೆಕೆಯ ದಾಖಲೆಯ ಪಕ್ಕ ಇಟ್ಟು ನೋಡುತ್ತಾರೆ. ಯಾವ ತಿಂಗಳ ಮಾತನ್ನು ಮರ ಕೇಳುತ್ತದೆ ಅಂತ ಗೊತ್ತಾದ ಮೇಲೆ ಅದನ್ನೊಂದು ಸೂತ್ರ ಮಾಡಿ, 2050ಕ್ಕೋ 2080ಕ್ಕೋ ಹವಾಮಾನ ಮಾದರಿಗಳು ಕೊಡುವ ಅಂಕಿಗಳನ್ನು ಅದೇ ಸೂತ್ರಕ್ಕೆ ಹಾಕುತ್ತಾರೆ.

ನಮ್ಮ ಕರಾವಳಿಯವರು ಎಡವುವುದು ಇಲ್ಲೇ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಮತ್ತೆ ಮರಕ್ಕೇನು ಚಿಂತೆ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಆಟಿಯಲ್ಲಿ (ಜುಲೈ, ಆಗಸ್ಟ್ ಹೊತ್ತಿನ ತುಳು ತಿಂಗಳು) ಮಣ್ಣು ಹೇಗೂ ತುಂಬಿರುತ್ತದೆ. ಹತ್ತು ಇಂಚು ಹೆಚ್ಚು ಸುರಿದರೂ ಅದು ಹೊಳೆಗೆ, ಹೊಳೆಯಿಂದ ಕಡಲಿಗೆ. ಉಷ್ಣವಲಯದ ನೂರಾರು ಕಡೆಯ ಉಂಗುರಗಳನ್ನು ಒಟ್ಟು ಸೇರಿಸಿದ 2022ರ ಅಧ್ಯಯನವೊಂದು ಇದನ್ನೇ ತೋರಿಸಿತು: ಮರದ ಬೆಳವಣಿಗೆಯನ್ನು ಜಾಸ್ತಿ ಆಡಿಸುವುದು ಮಳೆಗಾಲ ಅಲ್ಲ, ಒಣಗಾಲ. ಹಾಗಾಗಿ ನಿಮ್ಮ ಬಿಲ್ಲೆಯ ಸಪೂರ ಉಂಗುರಗಳ ಎದುರು ವರ್ಷದ ಒಟ್ಟು ಮಳೆ ಇಟ್ಟರೆ ಏನೂ ಹೊಂದದೆ ಹೋಗಬಹುದು. ಡಿಸೆಂಬರ್‌ನಿಂದ ಮೇವರೆಗೆ ಎಷ್ಟು ದಿನ ಒಣಗಿತ್ತು, ಬೇಸಿಗೆ ಮಳೆ ಯಾವಾಗ ಬಿತ್ತು ಅಂತ ನೋಡಿ. ನಮ್ಮ ಕಾಡಿನ ಮುಂದಿನ ಕತೆಯೂ ಆ ಆರು ತಿಂಗಳಲ್ಲೇ ಇದೆ ಅನ್ನುವುದು ನನ್ನ ಅಂದಾಜು.

ಹಾಗಂತ ಈ ಸೂತ್ರವನ್ನು ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಮರ ಈವರೆಗೆ ಕಾಣದ ಸೆಕೆಗೆ ಹೇಗೆ ನಡೆದುಕೊಳ್ಳುತ್ತದೆ ಅಂತ ಅದರ ಹಳೆಯ ಉಂಗುರ ಹೇಗೆ ಹೇಳೀತು? ಉತ್ತರ ಧ್ರುವದ ಕಡೆಯ ಎಷ್ಟೋ ಕಾಡುಗಳಲ್ಲಿ ಸೆಕೆಗೂ ಉಂಗುರಕ್ಕೂ ಇದ್ದ ಹಳೆಯ ನಂಟು 1960ರ ದಶಕದಿಂದ ಈಚೆಗೆ ಸಡಿಲವಾಗಿದೆ. ಇನ್ನೊಂದು, ಸಂಶೋಧಕರು ಹಿಂದೆ ಬೇಕೆಂದೇ ಬಂಡೆ ಮೇಲಿನ, ಒಣಜಾಗದ ಮರಗಳನ್ನು ಆರಿಸುತ್ತಿದ್ದರು, ಬರದ ಗುರುತು ಚೆನ್ನಾಗಿ ಸಿಗಲಿ ಅಂತ. ಅಂಥ ಮರಗಳನ್ನೇ ನಂಬಿದರೆ ಇಡೀ ಕಾಡಿಗೆ ಬೀಳುವ ಪೆಟ್ಟು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ ಅಂತ ಅಮೆರಿಕದ ನೈಋತ್ಯ ಭಾಗದ ಕಾಡುಗಳ ಬಗ್ಗೆ 2018ರಲ್ಲಿ ಲೆಕ್ಕ ಸಮೇತ ತೋರಿಸಿದರು.

ನಮಗಿರುವ ತೊಂದರೆ ಇನ್ನೂ ಬೇರೆ. ಸೋಮೇಶ್ವರ, ಆಗುಂಬೆಯ ಕಡೆ ಇರುವುದು ಹೆಚ್ಚಾಗಿ ನಿತ್ಯಹಸಿರು ಮರಗಳು. ಒಟ್ಟಿಗೆ ಎಲೆ ಉದುರಿಸಿ ಮಲಗುವ ಅಭ್ಯಾಸ ಅವಕ್ಕಿಲ್ಲ. ಹಾಗಾಗಿ ಹೆಚ್ಚಿನವುಗಳಲ್ಲಿ ಎಣಿಸುವಂಥ ಉಂಗುರವೂ ಇಲ್ಲ. ತೇಗ ಹೇಳುವುದು ತೇಗದಂಥ, ಎಲೆ ಉದುರುವ ಮರಗಳ ಕತೆ. ಅದನ್ನು ಇಡೀ ಘಟ್ಟಕ್ಕೆ ಅಂಟಿಸಿ ‘ಕಾಡು ಮುಗಿಯಿತು’ ಅಂತ ಬರೆಯುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ನಿತ್ಯಹಸಿರು ಮರಗಳಿಗೆ ಸ್ಪ್ರಿಂಗ್ ಇರುವ ಲೋಹದ ಪಟ್ಟಿ ಕಟ್ಟಿ, ವರ್ಷಗಟ್ಟಲೆ ಕಾದು ಅಳೆಯಬೇಕು.

ನಿಮ್ಮ ಬಿಲ್ಲೆಯನ್ನು ಮಾತ್ರ ಬಿಸಾಡಬೇಡಿ. ಮರ ಬಿದ್ದ ತಿಂಗಳು, ವರ್ಷ, ಜಾಗವನ್ನು ಅದರ ಮೇಲೇ ಪೆನ್ಸಿಲಿನಲ್ಲಿ ಬರೆದು ನೆರಳಿನಲ್ಲಿ ಒಣಗಿಸಿ. ಹೊರಗಿನ ಕೊನೆಯ ಉಂಗುರ ಯಾವ ವರ್ಷದ್ದು ಅಂತ ಗೊತ್ತಿರುವ ಬಿಲ್ಲೆಗೆ ಬೆಲೆ ಜಾಸ್ತಿ.

ಪ್ರಶ್ನೆ: ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾದರೆ ಮರಕ್ಕೆ ಊಟ ಜಾಸ್ತಿ ಸಿಕ್ಕಿದ ಹಾಗಲ್ವಾ? ಉಂಗುರ ದಪ್ಪ ಆಗಬೇಕಲ್ಲ? (ವಿದ್ಯಾರ್ಥಿನಿ, ಮಣಿಪಾಲ)

ಉತ್ತರ: ಆಗಬೇಕಿತ್ತು, ಆಗಿಲ್ಲ. ಬೊಲಿವಿಯಾ, ಕ್ಯಾಮರೂನ್, ಥಾಯ್ಲೆಂಡ್‌ನ ಸುಮಾರು 1,100 ಮರಗಳ 150 ವರ್ಷದ ಉಂಗುರಗಳನ್ನು ನೋಡಿದ ಅಧ್ಯಯನವೊಂದು 2015ರಲ್ಲಿ ಬಂತು. ಮರಗಳು ನೀರನ್ನು ಮೊದಲಿಗಿಂತ ಹಿಡಿತದಿಂದ ಖರ್ಚು ಮಾಡುತ್ತಿದ್ದವು, ಆದರೆ ದಪ್ಪವಾಗುವ ವೇಗ ಹೆಚ್ಚಿರಲಿಲ್ಲ. ಊಟ ಇದ್ದರೂ ಬೇರೆ ಏನೋ ಕೈ ಹಿಡಿದು ನಿಲ್ಲಿಸುತ್ತಿದೆ: ಮಣ್ಣಿನ ಸತ್ವವೋ, ಏರಿದ ಸೆಕೆಯೋ.

ಪ್ರಶ್ನೆ: ನಮ್ಮ ಕುಟುಂಬದ ನಾಗಬನದಲ್ಲಿ ಭಾರೀ ಹಳೆಯ ಮರವಿದೆ. ಬೋರರ್ (ಮರ ಕೊರೆಯುವ ಟೊಳ್ಳು ಉಪಕರಣ) ಹಾಕಿ ವಯಸ್ಸು ತಿಳಿಯಬಹುದೇ? (ಉಡುಪಿಯ ಓದುಗರು)

ಉತ್ತರ: ಬೇಡ. ಬೋರರ್ ತೆಗೆಯುವುದು ಪೆನ್ಸಿಲಿಗಿಂತ ಸಪೂರದ, ಐದು ಮಿಲಿಮೀಟರಿನ ಕಡ್ಡಿ. ಗಟ್ಟಿ ಮರ ಆ ತೂತನ್ನು ತಾನೇ ಮುಚ್ಚಿಕೊಳ್ಳುತ್ತದೆ, ನಿಜ. ಆದರೆ ಹಳೆಯ ಮರದ ತಿರುಳು ಎಷ್ಟೋ ಸಲ ಪೊಳ್ಳಾಗಿರುತ್ತದೆ. ಬನದ ಮರ ನಿತ್ಯಹಸಿರಾದರೆ ಉಂಗುರವೇ ಸಿಗದು. ಸುಮ್ನೆ ಗಾಯ ಮಾಡಿದ ಹಾಗಾಗುತ್ತದೆ. ಹಿರಿಯರನ್ನು ಕೇಳಿ, ಅವರು ಒಪ್ಪಿದರೆ ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಟೇಪು ಹಿಡಿದು ಸುತ್ತಳತೆ ಬರೆದಿಡಿ. ಪ್ರತಿ ವರ್ಷ ಅದೇ ಎತ್ತರ, ಅದೇ ತಿಂಗಳು. ಫೆಬ್ರವರಿ ಒಳ್ಳೆಯದು. ಮಳೆಗಾಲದಲ್ಲಿ ತೊಗಟೆ ನೀರು ಕುಡಿದು ಉಬ್ಬಿರುತ್ತದೆ, ಅಳತೆ ಮೋಸ ಮಾಡುತ್ತದೆ.